ಮೊದಲ ವಿಳಾಸ ಅಂಗನವಾಡಿ

ಮಗುವಿಗೆ ಎರಡು ವರ್ಷ ತುಂಬಿದೆ, ಇನ್ನೂ ‘ಅಮ್ಮ’ ಅಂದಿಲ್ಲ. ಇಂಥ ಮನೆಯಲ್ಲಿ ಮೊದಲು ಸಿಗುವುದು ಸಮಾಧಾನ. ‘ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು ಕಣಮ್ಮ, ಸುಮ್ನಿರು’ ಎನ್ನುತ್ತಾರೆ ಅತ್ತೆ. ಪಕ್ಕದ ಮನೆಯವರು ಬಜೆ ತೇಯ್ದು ನಾಲಿಗೆಗೆ ಹಚ್ಚಲು ಹೇಳುತ್ತಾರೆ. ಇನ್ನೊಬ್ಬರು ಮಗುವಿನ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬಡಿದು, ಅದು ತಿರುಗಿದ್ದನ್ನು ಕಂಡು ‘ಕಿವಿ ಚೆನ್ನಾಗೇ ಇದೆ’ ಎಂದು ತೀರ್ಪು ಕೊಡುತ್ತಾರೆ. ತಟ್ಟೆಯ ಜೋರು ಸದ್ದಿಗೆ ತಿರುಗುವ ಮಗುವಿಗೂ ಮಾತಿನ ಸಣ್ಣ ದನಿಗಳು ಕೇಳಿಸದೇ ಇರಬಹುದು. ಯಾರ ಮನಸ್ಸಿನಲ್ಲೂ ಕೇಡಿಲ್ಲ, ನಿಜ. ಆದರೆ ಮಿದುಳು ಭರದಿಂದ ಬೆಳೆಯುವ ಮೊದಲ ಮೂರು ವರ್ಷಗಳಲ್ಲಿ ಒಂದು ವರ್ಷ ಹೀಗೇ ಸೋರಿಹೋಗುತ್ತದೆ.

ಆಮೇಲೆ ಶುರುವಾಗುತ್ತದೆ ಹುಡುಕಾಟ. ಬೆಂಗಳೂರಿನ ಮೂಡಲಪಾಳ್ಯದ ಸುತ್ತ, ನಾಗರಭಾವಿ, ಚಂದ್ರಾ ಲೇಔಟ್, ವಿಜಯನಗರದ ಕಡೆ ಈಗ ಥೆರಪಿ ಸೆಂಟರ್ ಬೋರ್ಡುಗಳಿಗೆ ಬರವಿಲ್ಲ. ಒಳ್ಳೆಯವೂ ಇವೆ. ಸೆಷನ್ ಲೆಕ್ಕದಲ್ಲಿ ದುಡ್ಡು ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ: ‘ಆರ್‌ಸಿಐ ನೋಂದಣಿ ಇದೆಯಾ?’ ವಾಕ್ ಚಿಕಿತ್ಸಕರು, ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಾಯಿಸಿಕೊಂಡಿರಬೇಕೆಂಬುದು 1992ರ ಕಾನೂನು. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಕಡೆ ಮಗುವನ್ನು ಬಿಡಬೇಕಾಗಿಲ್ಲ.

ಆದರೆ ಗಾರ್ಮೆಂಟ್ಸ್ ಕೆಲಸದ ತಾಯಿಗೆ, ಆಟೋ ಓಡಿಸುವ ತಂದೆಗೆ, ಅಷ್ಟೇ ಏಕೆ, ಸಂಬಳದ ನೌಕರರಿಗೂ ಮೊದಲ ವಿಳಾಸ ತಮ್ಮ ಬೀದಿಯ ಅಂಗನವಾಡಿಯೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿನಿಂದ ಬಂದ ತೊಂದರೆ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಇವೆಲ್ಲ ಅವರ ಪಟ್ಟಿಯಲ್ಲಿವೆ. ಅನುಮಾನ ಬಂದರೆ ಮೇಲಿನ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಚಿಕಿತ್ಸೆ ಉಚಿತ. ವಿಕಲಚೇತನ ಮಕ್ಕಳನ್ನು ಅಂಗನವಾಡಿಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂಬ ಮಾರ್ಗಸೂಚಿಯನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದೆ. ತೊಡಕಿರುವುದು ನಗರದ ನಮ್ಮ ಬಿಗುಮಾನದಲ್ಲಿ. ಅಂಗನವಾಡಿ ಬಡವರಿಗೆ ಎಂದುಕೊಂಡು ಮಗುವಿನ ಹೆಸರನ್ನೇ ಬರೆಸುವುದಿಲ್ಲ. ‘ನಮ್ಮ ಮಗು ಹೀಗಿದೆ, ಯಾರಾದರೂ ಏನಾದರೂ ಅಂದಾರು’ ಎಂದು ಇನ್ನು ಕೆಲವರು ಕಳಿಸುವುದನ್ನೇ ನಿಲ್ಲಿಸುತ್ತಾರೆ. ಹೀಗಾಗಿ, ಯಾರಿಗಾಗಿ ತಂಡ ಬರುತ್ತದೋ ಆ ಮಗುವೇ ಅಂದು ಅಲ್ಲಿರುವುದಿಲ್ಲ.

ದೊಡ್ಡ ಸಂಸ್ಥೆಗಳ ವಿಚಾರಕ್ಕೆ ಬಂದರೆ ಪಶ್ಚಿಮ ಬೆಂಗಳೂರಿನವರ ಅದೃಷ್ಟ ಅಷ್ಟಕ್ಕಷ್ಟೇ. ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲಿದೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಅದರ ಹತ್ತಿರ. 1959ರಲ್ಲಿ ಎನ್.ಎಸ್. ಹೇಮಾ ಕಟ್ಟಿದ ವಿಕಲಚೇತನರ ಸಂಸ್ಥೆ ಎಪಿಡಿ ಇರುವುದು ಲಿಂಗರಾಜಪುರದಲ್ಲಿ. ಸೆರೆಬ್ರಲ್ ಪಾಲ್ಸಿ ಮಕ್ಕಳಿಗಾಗಿ 1980ರಲ್ಲಿ ಹುಟ್ಟಿದ ಸ್ಪಾಸ್ಟಿಕ್ಸ್ ಸೊಸೈಟಿ ಇಂದಿರಾನಗರದಲ್ಲಿ. ಎಲ್ಲವೂ ಊರಿನ ಆ ಬದಿ! ಅತ್ತಿಗುಪ್ಪೆಯಲ್ಲಿ ನೇರಳೆ ಮೆಟ್ರೊ ಹತ್ತಿದರೆ ಬದಲಾಯಿಸದೆ ಇಂದಿರಾನಗರದಲ್ಲಿ ಇಳಿಯಬಹುದೆಂಬುದೇ ಸಮಾಧಾನ. ಉಳಿದ ಕಡೆಗೆ ಮೆಜೆಸ್ಟಿಕ್‌ನಲ್ಲೋ ಮಾರ್ಕೆಟ್‌ನಲ್ಲೋ ಬಸ್ ಬದಲಿಸುವ ಕತೆ. ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ ಮಾಡಿ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯನ್ನು ಟೀಕಿಸುವವರು, ಕುತ್ತಿಗೆ ನಿಲ್ಲದ ಮಗುವನ್ನು ಹೆಗಲಿಗೆ ಹಾಕಿಕೊಂಡು ವಾರಕ್ಕೆರಡು ಸಲ ಫಿಜಿಯೋಥೆರಪಿಗೆ ಓಡುವ ತಾಯಿಯ ತಿಂಗಳ ಖರ್ಚನ್ನೊಮ್ಮೆ ಲೆಕ್ಕ ಹಾಕಬೇಕು.

ಇನ್ನು ಕಾಗದಪತ್ರದ ಮಾತು. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬರಲಿ, ಆಮೇಲೆ ಥೆರಪಿ ಎಂದು ಕಾಯುವವರಿದ್ದಾರೆ. ಥೆರಪಿ ಶುರುಮಾಡಲು ಕಾರ್ಡ್ ಬೇಕಿಲ್ಲ, ಎರಡೂ ಜೊತೆಜೊತೆಗೆ ನಡೆಯಲಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಯಾಗುತ್ತದೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಹೆಚ್ಚಿನ ಸವಲತ್ತುಗಳಿಗೆ ಶೇ 40 ಗಡಿ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಅದರ ಅವಧಿ ಮುಗಿಯುವ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಮಾಸಾಶನಕ್ಕೆ ನಾಡಕಚೇರಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇದ್ದರೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಇದರಲ್ಲಿ ಥೆರಪಿ ಖರ್ಚಿಗೂ ಒಂದಷ್ಟು ಪಾಲಿದೆ. ಇಷ್ಟು ಉಪಯೋಗದ ವಿಮೆಯ ಹೆಸರನ್ನು ಎಷ್ಟೋ ಮನೆಯವರು ಕೇಳಿಯೇ ಇರುವುದಿಲ್ಲ. ಆದಾಯ ತೆರಿಗೆ ಕಟ್ಟುವವರಿಗೆ ಹಳೆಯ ಪದ್ಧತಿಯಲ್ಲಿ 80ಡಿಡಿ ಅಡಿ 75,000 ರೂಪಾಯಿ, ತೀವ್ರ ವೈಕಲ್ಯವಿದ್ದರೆ 1.25 ಲಕ್ಷದ ಕಡಿತವಿದೆ. ಆರು ತುಂಬಿದ ಮೇಲೆ 18ರವರೆಗೆ, ಶೇ 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಹಕ್ಕು. ಶಾಲೆಗೆ ಹೋಗಲಾಗದ ಮಕ್ಕಳ ಮನೆಗೇ ಬಂದು ಕಲಿಸುವ ವ್ಯವಸ್ಥೆಯೂ ಸಮಗ್ರ ಶಿಕ್ಷಣದಲ್ಲಿದೆ, ಬಿಇಒ ಕಚೇರಿಯಲ್ಲಿ ವಿಚಾರಿಸಬೇಕು.

ಇವೆಲ್ಲ ಒಂದು ಕೌಂಟರಿನಲ್ಲಿ ಸಿಗುವುದಿಲ್ಲ ಎಂಬುದೇ ನನ್ನ ತಕರಾರು. ಆರೋಗ್ಯಕ್ಕೊಂದು ಇಲಾಖೆ, ಅಂಗನವಾಡಿಗೊಂದು, ಶಾಲೆಗೊಂದು, ಮಾಸಾಶನಕ್ಕೆ ಮತ್ತೊಂದು. ಎಲ್ಲವನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡಿರುವವರು ಯಾರೆಂದರೆ, ಥೆರಪಿ ಕೊಠಡಿಯ ಹೊರಗಿನ ಬೆಂಚಿನಲ್ಲಿ ಕೂತ ಅಮ್ಮಂದಿರು. ಯಾವ ಆಸ್ಪತ್ರೆಯಲ್ಲಿ ಎಷ್ಟು ಹೊತ್ತಿಗೆ ಚೀಟಿ ಮಾಡಿಸಬೇಕು, ಯಾವ ದಾಖಲೆಗೆ ಎಷ್ಟು ಜೆರಾಕ್ಸ್ ಬೇಕು, ಎಲ್ಲ ಅವರ ಬಾಯಲ್ಲಿ. ‘ಅಕ್ಕಾ, ಅಗಲ ಬಾಯಿನ ಬಾಟಲಿಗೆ ಕಡಲೆಕಾಳು ಒಂದೊಂದೇ ಹಾಕಿಸಿ, ಬೆರಳಿಗೆ ಬಲ ಬರುತ್ತೆ. ಆದ್ರೆ ಪಕ್ಕದಲ್ಲೇ ಕೂತಿರಿ, ಬಾಯಿಗೆ ಹಾಕ್ಕೊಂಡ್‌ಬಿಡುತ್ತೆ’ ಎಂಬಂಥ ಮಾತು ಯಾವ ಅರ್ಜಿ ನಮೂನೆಯಲ್ಲೂ ಇರುವುದಿಲ್ಲ.

ಪೋಷಕರ ಈ ತಿಳಿವಳಿಕೆಯೇ ಮೈಸೂರಿನಲ್ಲಿ ಶಾಲೆಯಾಗಿದೆ. ಕಿವುಡು ಮಕ್ಕಳ ಪೋಷಕರ ಸಂಘ ಅಲ್ಲಿ ನಡೆಸಿಕೊಂಡು ಬಂದಿರುವುದು ‘ತಾಯಂದಿರ ಶಾಲೆ’ ಎಂದೇ ಹೆಸರಾಗಿದೆ. ಮಗುವಿನ ಜೊತೆ ತಾಯಿಯೂ ತರಗತಿಯಲ್ಲಿ ಕೂತು ಮಾತು ಕಲಿಸುವುದನ್ನು ಕಲಿಯುತ್ತಾಳೆ. ಅದೇ ಊರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕೆಂಗೇರಿಯಲ್ಲಿ ರೈಲು ಹತ್ತಿ ಹೋಗಿಬರಬಹುದು. ಹೆಸರು ಕರೆದರೆ ತಿರುಗದ ಮಗುವಿಗೆ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. ಕಾಕ್ಲಿಯರ್ ಇಂಪ್ಲಾಂಟ್ ಬೇಕಾದ ಪುಟ್ಟ ಮಕ್ಕಳಿಗೆ ಸರ್ಕಾರವೇ ಖರ್ಚು ಭರಿಸುವ ಯೋಜನೆಗಳಿವೆ, ಆದರೆ ಅವಕ್ಕೆ ವಯಸ್ಸಿನ ಮಿತಿಯಿದೆ. ತಟ್ಟೆ ಬಡಿಯುತ್ತ ಕೂತರೆ ಆ ಮಿತಿ ದಾಟಿಹೋಗುತ್ತದೆ.

ವಾರ್ಡ್ ಕಚೇರಿಯವರಲ್ಲಿ ಒಂದು ಕೋರಿಕೆ. ವಿಕಲಚೇತನರಿಗೆಂದು ಸ್ಥಳೀಯ ಸಂಸ್ಥೆಗಳು ಎತ್ತಿಡುವ ಅನುದಾನದಲ್ಲಿ ಚಿಕ್ಕಾಸು ಖರ್ಚು ಮಾಡಿ, ಎಲ್ಲಿ, ಯಾವಾಗ, ಯಾರನ್ನು ಕಾಣಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ. ಮೂಡಲಪಾಳ್ಯದ ಪ್ರತಿ ಅಂಗನವಾಡಿ, ಪ್ರತಿ ನಮ್ಮ ಕ್ಲಿನಿಕ್‌ನ ಗೋಡೆಗೆ ಅಂಟಿಸಿ. ಅದಕ್ಕೆ ಟೆಂಡರ್ ಬೇಕಾಗಲಿಕ್ಕಿಲ್ಲ.