ಕಾರ್ಖಾನೆ ಕಡಿದ ಬೆರಳು, ಜಗತ್ತು ಕೇಳಿದ ಗುಡುಗು

ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಐಯೋಮಿಯ ಬಲಗೈಯಲ್ಲಿ ನಡುಬೆರಳಿಗೂ ಉಂಗುರದ ಬೆರಳಿಗೂ ತುದಿಗಳಿಲ್ಲ. ಹೆವಿ ಮೆಟಲ್ ಕೇಳುವವರಿಗೆ ಇದು ಹಳೇ ಸಂಗತಿ. ನನಗೂ ಹಾಸ್ಟೆಲಿನ ಕಾಲದಿಂದ ಗೊತ್ತಿತ್ತು. ಆದರೆ ತಗಡಿನ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದ ಹಿರಿಯರೊಬ್ಬರು ಬರ್ಮಿಂಗ್‌ಹ್ಯಾಮಿನ ಸೇತುವೆಯೊಂದರ ಮೇಲೆ ನಿಂತು, ಪೆಡಲ್ ತುಳಿಯುವವರ ಹಾಗೆ ಕಾಲು ಒತ್ತಿ, ಎರಡೂ ಕೈ ಮುಂದಕ್ಕೆ ಚಾಚಿ, ಅದು ಹೇಗಾಗಿರಬೇಕೆಂದು ಮಾಡಿ ತೋರಿಸಿದರು. ಅಂದಿನಿಂದ ಬ್ಲ್ಯಾಕ್ ಸಬ್ಬತ್‌ನ ಹಾಡುಗಳು ನನ್ನ ಕಿವಿಗೆ ಬೇರೆಯೇ ಆಗಿ ಬೀಳುತ್ತಿವೆ.

ಅದು 2025ರ ಜುಲೈ ಕೊನೆಯ ವಾರ. ದೊಡ್ಡಪ್ಪನ ಮಗನ ಮನೆಗೆಂದು ಹೋಗಿದ್ದೆ. ಬ್ಯಾಂಡಿನ ಗಾಯಕ ಆಝಿ ಆಸ್ಬರ್ನ್ ಜುಲೈ 22ರಂದು ತೀರಿಕೊಂಡು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಅಲ್ಲಿ ನರ್ಸ್ ಆಗಿರುವ ಅತ್ತಿಗೆ, "ಬ್ರಾಡ್ ಸ್ಟ್ರೀಟ್ ಕಡೆ ಹೋಗ್ಬಾರಪ್ಪ, ಊರಿಗೆ ಊರೇ ಅಲ್ಲಿದೆ" ಅಂದರು. ನಿಜಕ್ಕೂ ಇತ್ತು. ಕಾಲುವೆಯ ಮೇಲಿನ ಆ ಸೇತುವೆಗೆ 2019ರಿಂದ ಬ್ಲ್ಯಾಕ್ ಸಬ್ಬತ್ ಸೇತುವೆ ಎಂದೇ ಹೆಸರು. ಬ್ಯಾಂಡಿನ ನಾಲ್ವರ ಮುಖಗಳಿರುವ ಲೋಹದ ಬೆಂಚೊಂದನ್ನು ಆ ವರ್ಷ ಐಯೋಮಿ ಮತ್ತು ಬೇಸ್ ವಾದಕ ಗೀಝರ್ ಬಟ್ಲರ್ ಎದುರಿನಲ್ಲೇ ಅನಾವರಣ ಮಾಡಿದ್ದರು. ಈಗ ಬೆಂಚಿನ ಸುತ್ತ ಹೂವಿನ ರಾಶಿ, ಒಡೆಯದ ಬಿಯರ್ ಕ್ಯಾನುಗಳು, ಬಟ್ಟೆಯ ಬಾವಲಿಗಳು, ಮಳೆಗೆ ಶಾಯಿ ಹರಡಿದ ಕಾರ್ಡುಗಳು. (ಆಝಿ ವೇದಿಕೆಯ ಮೇಲೆ ಬಾವಲಿಗೆ ಬಾಯಿ ಹಾಕಿದ ಕತೆ ಎಲ್ಲರಿಗೂ ಗೊತ್ತು. ಅದು 1982ರದ್ದು, ಬ್ಯಾಂಡ್ ಬಿಟ್ಟ ಮೇಲಿನದು. ಅದನ್ನು ಇಲ್ಲಿಗೇ ಬಿಡುತ್ತೇನೆ.)

ಕಾರ್ಡುಗಳನ್ನು ಬಗ್ಗಿ ಬಗ್ಗಿ ಓದಿದೆ. ಒಬ್ಬಾಕೆ ತನ್ನಪ್ಪನ ಜೊತೆ ಜಗಳವಾಡದೆ ಕೂತು ಕೇಳಿದ್ದು ಇದೊಂದೇ ಬ್ಯಾಂಡನ್ನು ಎಂದು ಬರೆದಿದ್ದಳು. ಇನ್ನೊಬ್ಬರು ರಾತ್ರಿ ಪಾಳಿಯಲ್ಲಿ ಲಾರಿ ಓಡಿಸುವವರು, ನಿದ್ದೆಗೆ ಜಾರದಂತೆ ಇಷ್ಟು ವರ್ಷ ಕಾಯ್ದಿದ್ದಕ್ಕೆ ವಂದನೆ ಹೇಳಿದ್ದರು. ಸ್ಪ್ಯಾನಿಶ್‌ನಲ್ಲಿ, ಪೋರ್ಚುಗೀಸ್‌ನಲ್ಲಿ, ಜಪಾನಿ ಲಿಪಿಯಲ್ಲಿ ಕಾರ್ಡುಗಳಿದ್ದವು. ಸಂಗೀತದ ಬಗ್ಗೆ ಬರೆದವರು ಕಡಿಮೆ, ತಮ್ಮ ಮನೆ, ಕೆಲಸ, ಒಂಟಿತನದ ಬಗ್ಗೆ ಬರೆದವರೇ ಹೆಚ್ಚು.

ಆ ಹಿರಿಯರು ಸಿಕ್ಕಿದ್ದು ಅಲ್ಲೇ. ಎಪ್ಪತ್ತು ದಾಟಿದ ವಯಸ್ಸು, ಆ್ಯಸ್ಟನ್ ಬಡಾವಣೆಯವರು. ಬ್ಯಾಂಡಿನ ನಾಲ್ವರೂ ಬೆಳೆದದ್ದು ಅದೇ ಆ್ಯಸ್ಟನ್‌ನಲ್ಲಿ. ಸ್ಟೇಷನ್ ಸ್ಟ್ರೀಟಿನ ಕ್ರೌನ್ ಪಬ್‌ನ ಮಹಡಿಯಲ್ಲಿ ಜಿಮ್ ಸಿಂಪ್ಸನ್ ನಡೆಸುತ್ತಿದ್ದ ಹೆನ್ರೀಸ್ ಬ್ಲೂಸ್‌ಹೌಸ್‌ನಲ್ಲಿ ಇವರನ್ನು ಮೊದಲು ಕೇಳಿದ್ದಂತೆ. ಆಗ ಬ್ಯಾಂಡಿನ ಹೆಸರು ಇನ್ನೂ 'ಅರ್ತ್'. ಪಬ್‌ಗೆ ಬಂದವರು ವೇದಿಕೆಯ ಕಡೆ ತಿರುಗಿ ನೋಡದೆ ಹರಟುತ್ತಿದ್ದರು, ಹರಟೆ ಮುಳುಗಿಸಲೆಂದೇ ಸದ್ದು ಏರಿಸುತ್ತ ಹೋದೆವು ಎಂದು ಬ್ಯಾಂಡಿನವರು ಎಷ್ಟೋ ಸಲ ಹೇಳಿಕೊಂಡಿದ್ದಾರೆ. "ಹರಟುತ್ತಿದ್ದವರಲ್ಲಿ ನಾನೂ ಒಬ್ಬ" ಅಂದರು ಹಿರಿಯರು, ಹೆಮ್ಮೆಯಿಂದ. ಆಮೇಲಾಮೇಲೆ ಬಿಯರ್ ಬೇಕಾದರೆ ಬೆರಳು ಎತ್ತಿ ತೋರಿಸಬೇಕಾಗಿತ್ತಂತೆ, ಬಾಯಿಬಿಟ್ಟು ಕೇಳಿ ಫಲವಿರಲಿಲ್ಲ. ಆ ಸದ್ದಿನ ಆಂಪ್ಲಿಫಯರ್ ಕೂಡ ಊರಿನದೇ. ಲಿಂಡನ್ ಲೇನಿ ಎಂಬಾತ 1967ರಲ್ಲಿ ಅದೇ ಸೀಮೆಯಲ್ಲಿ ಶುರುಮಾಡಿದ ಕಂಪನಿಯದು.

ಮಾತು ಬೆರಳಿಗೆ ಬಂತು.

ಐಯೋಮಿಗೆ ಆಗ 17. ತಗಡಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ. ಜರ್ಮನಿಗೆ ಹೋಗುವ ಬ್ಯಾಂಡೊಂದು ಕರೆದಿತ್ತು, ಕೆಲಸ ಬಿಡುವವನಿದ್ದ. ಅಂದೇ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗುವುದಿಲ್ಲ ಅಂದ. ಹಿಡಿದ ಕೆಲಸ ಸರಿಯಾಗಿ ಮುಗಿಸಿ ಬಾ ಎಂದು ತಾಯಿ ವಾಪಸು ಕಳಿಸಿದರು. ಪ್ರೆಸ್ ನಡೆಸುವವರು ಅಂದು ಬಂದಿರಲಿಲ್ಲ, ಇವನನ್ನು ಅಲ್ಲಿ ನಿಲ್ಲಿಸಿದರು. ತಗಡನ್ನು ಒಳಗೆ ತಳ್ಳಿ ಪೆಡಲ್ ತುಳಿದರೆ ಮೇಲಿನ ಭಾರ ಧಡಾರನೆ ಇಳಿಯುವ ಯಂತ್ರ. "ಆಗೆಲ್ಲ ಕೈಗೆ ಅಡ್ಡ ಜಾಲರಿ ಎಲ್ಲಿತ್ತು? ದಿನವಿಡೀ ಅದೇ ಲಯ. ತಳ್ಳು, ತುಳಿ, ಎಳೆ. ಹೊಸಬನಿಗೆ ಕಾಲು ಮೊದಲು ಹೋಗುತ್ತೆ, ಕೈ ಆಮೇಲೆ ಬರುತ್ತೆ" ಎಂದು ಹಿರಿಯರು ಸೇತುವೆಯ ಕಲ್ಲಿನ ಮೇಲೆ ಕಾಲಿಂದ ಒತ್ತಿ, ಕೈ ಹಿಂದಕ್ಕೆಳೆದುಕೊಂಡು ತೋರಿಸಿದರು. ಐಯೋಮಿ ಕೂಡ ಗಾಬರಿಯಲ್ಲಿ ಕೈ ಹಿಂದಕ್ಕೆ ಎಳೆದ. ಎರಡು ತುದಿಗಳು ಅಲ್ಲೇ ಉಳಿದವು. ಅವನು ಎಡಚ. ಅಂದರೆ ತಂತಿ ಮೀಟುವ ಕೈ ಎಡಗೈ, ತಂತಿ ಒತ್ತುವ ಕೈ ಬಲಗೈ. ಹೋದದ್ದು ಒತ್ತುವ ಕೈಯ ಬೆರಳು.

ಪೀಣ್ಯದ ಕಾರ್ಖಾನೆಯಲ್ಲಿ ಚಿಕ್ಕಪ್ಪನ ಜೊತೆ ದುಡಿಯುತ್ತಿದ್ದವರಲ್ಲಿ ಬೆರಳು ಮೊಂಡಾದವರನ್ನು ಚಿಕ್ಕಂದಿನಿಂದ ನೋಡಿದವನು ನಾನು. ಹಬ್ಬಕ್ಕೆ ಮನೆಗೆ ಬಂದಾಗ ಆ ಕೈಯನ್ನು ಪಂಚೆಯ ಮರೆಗೆ ಇಟ್ಟುಕೊಂಡು ಕೂರುತ್ತಿದ್ದರು. ಅಂಥ ಕೈಯಿಂದ ಇಷ್ಟು ದೊಡ್ಡ ಸದ್ದು ಹುಟ್ಟಿತು ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಗಿಟಾರ್ ಮರೆತುಬಿಡು ಎಂದರು ವೈದ್ಯರು. ಕಾರ್ಖಾನೆಯ ಮೇಲಿನವರೊಬ್ಬರು ಮನೆಗೆ ಬಂದು ಜ್ಯಾಂಗೊ ರೈನ್‌ಹಾರ್ಟ್‌ನ ರೆಕಾರ್ಡ್ ಕೇಳಿಸಿದರು. 1928ರಲ್ಲಿ ಬಂಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸುಟ್ಟುಹೋಗಿಯೂ ಉಳಿದೆರಡರಲ್ಲೇ ಜ್ಯಾಜ್ ಗಿಟಾರನ್ನು ಆಳಿದವನು ಜ್ಯಾಂಗೊ. ಅದನ್ನು ಕೇಳಿ ಹುಡುಗನಿಗೆ ಧೈರ್ಯ ಬಂತು. ಮುಂದಿನದು ನನಗೆ ಎಲ್ಲಕ್ಕಿಂತ ಇಷ್ಟ. ಪಾತ್ರೆ ತೊಳೆಯುವ ಫೇರಿ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಉಂಡೆ ಮಾಡಿದ. ಆರಿದ ಮೇಲೆ ಕಾದ ಸಾಲ್ಡರಿಂಗ್ ಕಡ್ಡಿಯಿಂದ ನಡುವೆ ತೂತು ಮಾಡಿ ಮೊಂಡು ಬೆರಳಿಗೆ ತೊಡಿಸಿ ನೋಡಿದ. ಚಾಕುವಿನಿಂದ ಹೆರೆದು, ಉಪ್ಪುಕಾಗದದಿಂದ ಗಂಟೆಗಟ್ಟಲೆ ಉಜ್ಜಿ ಬೆರಳಿನ ಆಕಾರಕ್ಕೆ ತಂದ. ಆದರೆ ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತಿತ್ತು. ಹಳೆಯ ಚರ್ಮದ ಜಾಕೆಟ್ಟಿನಿಂದ ತುಂಡು ಕತ್ತರಿಸಿ ಮೇಲೆ ಅಂಟಿಸಿದ. ಹೊಸದಾಗಿ ಅಂಟಿಸಿದ ಚರ್ಮ ಒರಟು, ತಿಕ್ಕಿ ತಿಕ್ಕಿ ಹದಕ್ಕೆ ತರಬೇಕು. ತೀರಾ ಮೆತ್ತಗಾದರೆ ತಂತಿ ಒಳಗಿಳಿಯುತ್ತದೆ, ತೀರಾ ಗಟ್ಟಿಯಾದರೆ ಜಾರುತ್ತದೆ. ಮುಂದೆ ಹಣ, ಹೆಸರು ಎಲ್ಲ ಬಂದ ಮೇಲೂ ಈ ಅಂಗುಸ್ತಾನದ ಏರ್ಪಾಡು ಮೂಲದಲ್ಲಿ ಅದೇ ಉಳಿಯಿತು.

ಚರ್ಮದ ಟೊಪ್ಪಿ ತೊಟ್ಟ ಬೆರಳಿಗೆ ತಂತಿಯ ಸ್ಪರ್ಶ ತಿಳಿಯುವುದಿಲ್ಲ. ಎಷ್ಟು ಒತ್ತಿದೆ ಎಂಬುದನ್ನು ಕಿವಿಯೇ ಹೇಳಬೇಕು. ಬಿಗಿ ತಂತಿ ಒತ್ತಿದರೆ ನೋವು. ಹಾಗಾಗಿ ತೆಳುವಾದ ತಂತಿ ಹುಡುಕಿದ, ಗಿಟಾರಿಗೆ ಸಿಗದಾಗ ಬ್ಯಾಂಜೋ ತಂತಿ ಕಟ್ಟಿದ. ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವ ಅಗಲವಾದ ಕಾರ್ಡ್‌ಗಳಿಗೆ ಬೆರಳು ಬಗ್ಗದಿದ್ದರಿಂದ ಎರಡು ಮೂರು ಸ್ವರಗಳ ಪವರ್ ಕಾರ್ಡ್‌ಗಳನ್ನೇ ನೆಚ್ಚಿಕೊಂಡು ಅವುಗಳಿಗೆ ಸಾಧ್ಯವಾದಷ್ಟು ತೂಕ ತುಂಬಿದ. ಕೊನೆಗೆ ತಂತಿಯ ಬಿಗಿಯನ್ನೇ ಸಡಿಲಿಸಿ ಶ್ರುತಿ ಇಳಿಸಿದ. 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯ ಕೆಲವು ಹಾಡುಗಳಲ್ಲಿ ಗಿಟಾರ್ ಮೂರು ಅರ್ಧಸ್ವರ ಕೆಳಗಿದೆ, ಬಟ್ಲರ್‌ನ ಬೇಸ್ ಗಿಟಾರ್ ಕೂಡ ಅದರ ಜೊತೆಗೇ ಇಳಿಯಿತು. ಇವತ್ತು ಜಗತ್ತಿನ ಯಾವ ಮೂಲೆಯ ಮೆಟಲ್ ಬ್ಯಾಂಡ್ ಶ್ರುತಿ ಇಳಿಸಿದರೂ ಅದರ ಮೂಲ ಈ ಎರಡು ಬೆರಳಿನ ನೋವಿನಲ್ಲಿದೆ ಎಂದು ನಾನು ನಂಬುತ್ತೇನೆ.

ಬರ್ಮಿಂಗ್‌ಹ್ಯಾಮ್ ಬಗ್ಗೆ ಬರೆಯುವವರೆಲ್ಲ ಇನ್ನೊಂದು ವಾದ ಮುಂದಿಡುತ್ತಾರೆ. ಊರು ತುಂಬ ಕಾರ್ಖಾನೆ, ಸುತ್ತಿಗೆಗಳ ಬಡಿತ, ಅದೇ ಸಂಗೀತವಾಯಿತು ಎಂಬುದು. ಕೇಳಲು ಚೆಂದ, ಆದರೆ ನನಗೆ ಒಪ್ಪಿಗೆಯಿಲ್ಲ. ಅದೇ ಬಡಿತ ಕೇಳಿ ಬೆಳೆದ 'ದ ಮೂವ್' ಬ್ಯಾಂಡ್ ಇಂಪಾದ ಪಾಪ್ ಹಾಡುಗಳನ್ನು ಮಾಡಿತು. ಆಝಿ ಲ್ಯೂಕಾಸ್ ಕಾರ್ಖಾನೆಯಲ್ಲಿ ಕಾರಿನ ಹಾರನ್‌ಗಳ ಸ್ವರ ಸರಿಪಡಿಸುವ ಕೆಲಸ ಮಾಡಿದ್ದ, ಕಸಾಯಿಖಾನೆಯಲ್ಲೂ ದುಡಿದಿದ್ದ, ಕಳ್ಳತನಕ್ಕೆ ವಿನ್ಸನ್ ಗ್ರೀನ್ ಜೈಲಿನಲ್ಲೂ ಕೆಲ ವಾರ ಇದ್ದ. ಆ ಬದುಕಿನ ಒತ್ತಡ ಅವನ ಗಂಟಲಲ್ಲಿ ಕೇಳಿಸುತ್ತದೆ, ನಿಜ. ಆದರೆ ಕಾರ್ಖಾನೆ ಈ ಸಂಗೀತಕ್ಕೆ ಕೊಟ್ಟದ್ದು ಸದ್ದನ್ನಲ್ಲ, ಗಾಯವನ್ನು. ಹಿರಿಯರಿಗೂ ಹೀಗನ್ನಿಸಿತ್ತು. ಪ್ರೆಸ್‌ನ ಸದ್ದನ್ನು ಮರೆಯಲೆಂದೇ ಪಬ್‌ಗೆ ಹೋಗುತ್ತಿದ್ದೆವು, ಅದನ್ನೇ ಕೇಳಲು ಯಾರು ದುಡ್ಡು ಕೊಡುತ್ತಿದ್ದರು ಅಂದರು.

ದೆವ್ವದ ಮಾತೂ ಅಷ್ಟೇ. ಬ್ಯಾಂಡಿನ ಹೆಸರಿನದೇ ಹಾಡಿದೆಯಲ್ಲ, ಅದರ ಮೂರು ಸ್ವರಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಷಡ್ಜ, ತಾರಷಡ್ಜ, ಆಮೇಲೆ ಪ್ರತಿಮಧ್ಯಮ. ಯುರೋಪಿನಲ್ಲಿ ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಈ ಅಂತರಕ್ಕೆ ಸೈತಾನನ ಹೆಸರು ಅಂಟಿದೆ. ಚರ್ಚು ಅದನ್ನು ನಿಷೇಧಿಸಿತ್ತು ಎಂಬ ಕತೆಗೆ ಆಧಾರವಿಲ್ಲ, ಆದರೂ ಅದು ಓಡುತ್ತಲೇ ಇದೆ. ನಮ್ಮಲ್ಲಿ ಅದೇ ಪ್ರತಿಮಧ್ಯಮ ಕಲ್ಯಾಣಿಯ ಜೀವ, ಮದುವೆ ಮನೆಯ ನಾದಸ್ವರದಲ್ಲಿ ಮಂಗಳಕರವಾಗಿ ಮೊಳಗುತ್ತದೆ. ಭಯ ಆ ಸ್ವರದಲ್ಲಿಲ್ಲ. ಐಯೋಮಿ ಅದನ್ನು ನುಡಿಸುವ ನಿಧಾನದಲ್ಲಿದೆ, ಒಂದು ಸ್ವರ ಸಾಯುವವರೆಗೂ ಕಾದು ಮುಂದಿನದಕ್ಕೆ ಹೋಗುವ ಆ ಬಿಡುವಿನಲ್ಲಿದೆ. ಬಟ್ಲರ್ ಹೋಲ್ಸ್ಟ್‌ನ 'ಮಾರ್ಸ್' ಕೃತಿಯನ್ನು ಬೇಸ್ ಗಿಟಾರಿನಲ್ಲಿ ನುಡಿಸುತ್ತಿದ್ದದ್ದೇ ಆ ಹಾಡಿಗೆ ದಾರಿಯಾಯಿತು.

ಮಿಕ್ಕ ಚರಿತ್ರೆ ಗೊತ್ತಿದ್ದದ್ದೇ. ಮೊದಲ ಆಲ್ಬಮ್ 1969ರ ಅಕ್ಟೋಬರ್‌ನಲ್ಲಿ ಲಂಡನ್‌ನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುಗಿಯಿತು. ಐಯೋಮಿಯ ಸ್ಟ್ರ್ಯಾಟೊಕಾಸ್ಟರ್ ಮಧ್ಯದಲ್ಲೇ ಕೈಕೊಟ್ಟಿತು, ಆಪತ್ತಿಗಿರಲಿ ಎಂದು ತಂದಿದ್ದ ಗಿಬ್ಸನ್ ಎಸ್‌ಜಿ ಹಿಡಿದ, ಮುಂದೆ ಅದೇ ಅವನ ಗುರುತಾಯಿತು. 1970ರ ಫೆಬ್ರವರಿ 13, ಶುಕ್ರವಾರ ಬಿಡುಗಡೆ. ವಿಮರ್ಶಕರು ಜಾಡಿಸಿದರು, ಜನ ಕೊಂಡರು. ಅದೇ ವರ್ಷ ಬಂದ 'ಪ್ಯಾರನಾಯ್ಡ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 1979ರಲ್ಲಿ ಆಝಿ ಹೊರಬಿದ್ದ, ರಾನಿ ಜೇಮ್ಸ್ ಡಿಯೋ ಬಂದ. ಜಗಳಗಳು, ರಾಜಿಗಳು. 2013ರ '13' ಆಲ್ಬಮ್ ಮತ್ತೆ ಬ್ರಿಟನ್ನಿನ ತುದಿ ಮುಟ್ಟಿತು, 43 ವರ್ಷಗಳ ಬಳಿಕ.

ಆದರೆ ಆ ಆಲ್ಬಮ್‌ನಲ್ಲಿ ಮೂಲ ಡ್ರಮ್ಮರ್ ಬಿಲ್ ವಾರ್ಡ್ ಇರಲಿಲ್ಲ. ಕರಾರಿನ ತಕರಾರಿನಿಂದ ಹೊರಗುಳಿದಿದ್ದ. ನನಗದು ಇಂದಿಗೂ ಬೇಸರ. ಅಯಾನ್ ಗಿಲನ್ ಹಾಡಲಿ, ಡಿಯೋ ಹಾಡಲಿ, ಒಗ್ಗಿಕೊಂಡೇನು. ವಾರ್ಡ್ ಇಲ್ಲದ ಸಬ್ಬತ್‌ಗೆ ಒಗ್ಗಲಾರೆ. ಅವನು ಜೀನ್ ಕ್ರೂಪಾನನ್ನು ಕೇಳಿ ಬೆಳೆದ ಜ್ಯಾಜ್ ಮನಸ್ಸಿನ ಡ್ರಮ್ಮರ್. ಗಿಟಾರ್ ಭಾರವಾಗಿ ಇಳಿಯುವಾಗ ಅವನ ಡ್ರಮ್ ಅದರ ಸುತ್ತ ತೂಗಾಡುತ್ತಿರುತ್ತದೆ. ಬರಿಯ ಬಡಿತವಾಗಿದ್ದರೆ ಈ ಸಂಗೀತ ಹತ್ತು ನಿಮಿಷಕ್ಕೆ ದಣಿಸಿಬಿಡುತ್ತಿತ್ತು.

2025ರ ಜುಲೈ 5ರಂದು ವಾರ್ಡ್ ಮರಳಿದ. ಆ್ಯಸ್ಟನ್‌ನ ವಿಲಾ ಪಾರ್ಕ್ ಕ್ರೀಡಾಂಗಣ. ಆಝಿ ಹುಡುಗನಾಗಿದ್ದಾಗ ಪಂದ್ಯದ ದಿನ ಬಂದವರ ಕಾರು ಕಾದು ಚಿಲ್ಲರೆ ಗಳಿಸುತ್ತಿದ್ದ ಬೀದಿಗಳು ಅದರ ಪಕ್ಕದಲ್ಲೇ ಇವೆ. ಪಾರ್ಕಿನ್ಸನ್ ಕಾಯಿಲೆಯಿಂದ ನಿಲ್ಲಲಾರದ ಆಝಿ ಕಪ್ಪು ಸಿಂಹಾಸನದಲ್ಲಿ ಕೂತು ಹಾಡಿದ. ಕೊನೆಗೆ ಮೂಲದ ನಾಲ್ವರೂ ಸೇರಿ 'ವಾರ್ ಪಿಗ್ಸ್', 'ಎನ್.ಐ.ಬಿ.', 'ಐರನ್ ಮ್ಯಾನ್', 'ಪ್ಯಾರನಾಯ್ಡ್' ನುಡಿಸಿದರು. 17 ದಿನಕ್ಕೆ ಆಝಿ ಇಲ್ಲ. ಹಿರಿಯರಿಗೆ ಅಂದಿನ ಟಿಕೆಟ್ ದಕ್ಕಿರಲಿಲ್ಲ. ಕ್ರೀಡಾಂಗಣದ ಹೊರಗಿನ ರಸ್ತೆಯಲ್ಲೇ ನಿಂತು ಕೇಳಿದೆ, ವಾರ್ಡ್‌ನ ಕೈ ಗುರುತು ಹತ್ತಿತು ಅಂದರು. ಅಷ್ಟು ಹೇಳುವಾಗ ಅವರ ಕಣ್ಣು ತುಂಬಿ ಬಂದಿತ್ತು, ನನ್ನದೂ.

ಬ್ಲ್ಯಾಕ್ ಸಬ್ಬತ್ ನಮ್ಮ ಬೆಂಗಳೂರಿಗೆ ಬರಲಿಲ್ಲ. ಆದರೆ ಅದರ ಮಕ್ಕಳು ಬಂದರು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಅಲ್ಲಿಗೇ ಮೆಟಾಲಿಕಾ. ಆ ಧೂಳಿನಲ್ಲಿ ನಿಂತಿದ್ದ ನನ್ನ ಓರಗೆಯವರಿಗೆ ಮೆಟಾಲಿಕಾ ಯಾರ ಋಣದಲ್ಲಿದೆ ಎಂಬುದು ಚೆನ್ನಾಗಿ ಗೊತ್ತಿತ್ತು. ವಿಲಾ ಪಾರ್ಕ್‌ನಲ್ಲಿ ಅದೇ ಮೆಟಾಲಿಕಾ ಗುರುಗಳ ಹಾಡುಗಳನ್ನು ನುಡಿಸಿ ಆ ಋಣ ಎಲ್ಲರೆದುರು ಒಪ್ಪಿಕೊಂಡಿತು.

ಸೇತುವೆಯ ಮೇಲೆ ಮಾತು ಬೆಳೆದು ಸಣ್ಣ ಜಗಳಕ್ಕೆ ತಿರುಗಿತ್ತು. ಬ್ರೆಜಿಲ್‌ನಿಂದ ಬಂದಿದ್ದ ಹುಡುಗಿಯೊಬ್ಬಳು 'ಸಬ್ಬತ್ ಬ್ಲಡಿ ಸಬ್ಬತ್'ಗಿಂತ ಮಿಗಿಲಾದ ಆಲ್ಬಮ್ ಇಲ್ಲ ಅಂದಳು. ಮೊದಲನೆಯದನ್ನು ಬಿಟ್ಟರೆ ಉಳಿದದ್ದೆಲ್ಲ ಸ್ಟುಡಿಯೋದ ಅಲಂಕಾರ ಎಂದು ಹಿರಿಯರು ಪಟ್ಟು ಹಿಡಿದರು. ನನ್ನ ಮತ ಅವರಿಬ್ಬರಿಗೂ ಇಲ್ಲ. ಇನ್ನೂ ಕೇಳದವರು 'ಮಾಸ್ಟರ್ ಆಫ್ ರಿಯಾಲಿಟಿ'ಯ ಕೊನೆಯ ಹಾಡು 'ಇನ್‌ಟು ದ ವಾಯ್ಡ್' ಹಾಕಿ, ಇಯರ್‌ಫೋನ್ ಬೇಡ, ದೊಡ್ಡ ಸ್ಪೀಕರ್‌ನಲ್ಲಿ. ಮೊದಲ ಒಂದು ನಿಮಿಷಕ್ಕೂ ಮಿಕ್ಕಿ ಆಝಿ ಬಾಯಿ ತೆರೆಯುವುದಿಲ್ಲ. ಅಷ್ಟು ಹೊತ್ತೂ ಕೇಳುವುದು ಶ್ರುತಿ ಇಳಿಸಿದ ತಂತಿಗಳು, ಅವುಗಳನ್ನು ಒತ್ತುತ್ತಿರುವ ಆ ಚರ್ಮ.