ಕ್ಷೌರಕುಂಚದ ಜೀರ್ಣೋದ್ಧಾರ

ಗಡ್ಡಕ್ಕೆ ಸೋಪಿನ ನೊರೆ ಹಚ್ಚುವ ಕುಂಚವು ದಿನಂಪ್ರತಿ ಬೆಳಗ್ಗೆ ಮನುಷ್ಯನ ಮುಖವನ್ನು ಸ್ಪರ್ಶಿಸುವ ವಸ್ತುವಾದರೂ, ಅದರ ಕೂದಲುದುರಿದ ದಿವಸ ಅದನ್ನು ಎಸೆಯಲು ಯಾರೂ ಹಿಂದುಮುಂದು ನೋಡುವುದಿಲ್ಲ. ಹೀಗೆ ಎಸೆಯಲ್ಪಟ್ಟ, ಇಲ್ಲವೆ ಅಟ್ಟದ ಪೆಟ್ಟಿಗೆಯೊಳಗೆ ಮರೆತುಹೋದ ಕುಂಚಗಳನ್ನು ಹಳೆಯ ಸಾಮಾನಿನ ಸಂತೆಗಳಲ್ಲಿ ಅರಸಿ ತಂದು, ಹಿಡಿಯನ್ನು ಶುಚಿಗೊಳಿಸಿ, ಹೊಸ ಕೂದಲನ್ನು ಕೂರಿಸಿ, ಮರಳಿ ಕನ್ನಡಿಯ ಬಳಿ ನಿಲ್ಲಿಸುವ ಹವ್ಯಾಸವೊಂದು ಇಂಗ್ಲೆಂಡ್ ಅಮೆರಿಕಗಳಲ್ಲಿ ಬೆಳೆದುಬಂದಿದೆ. ದೇವಾಲಯಗಳಿಗೆ ಸಲ್ಲುವ ಜೀರ್ಣೋದ್ಧಾರವೆಂಬ ಮಾತನ್ನು ಅಂಗೈಯೊಳಗೆ ಅಡಗುವ ಈ ವಸ್ತುವಿಗೆ ನಾನು ಬಳಸುತ್ತಿರುವುದು, ಯಾವುದನ್ನು ಉಳಿಸತಕ್ಕದ್ದು, ಯಾವುದನ್ನು ಬಿಡತಕ್ಕದ್ದು ಎಂಬ ಅದೇ ವಿವೇಚನೆ ಇಲ್ಲಿಯೂ ಕೆಲಸಗಾರನ ಎದುರಿಗೆ ನಿಲ್ಲುವುದರಿಂದ.

1904ರಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತನು ಅಲಗು ಬದಲಿಸಬಹುದಾದ ರೇಜರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದ ತರುವಾಯ, ಅದುವರೆಗೆ ಕ್ಷೌರಿಕನ ಕೈಗೆ ಮುಖವೊಡ್ಡುತ್ತಿದ್ದ ಅನೇಕರು ತಮ್ಮ ಗಡ್ಡವನ್ನು ತಾವೇ ಹೆರೆದುಕೊಳ್ಳತೊಡಗಲು, ರೇಜರಿನ ಬೆನ್ನಿಗೆ ಕುಂಚವೂ ಮನೆಮನೆಯನ್ನು ಹೊಕ್ಕಿತು. ಇಂಗ್ಲೆಂಡಿನಲ್ಲಿ 1777ರಷ್ಟು ಹಿಂದೆಯೇ ಹುಟ್ಟಿದ ಕೆಂಟ್ ಮತ್ತು 1919ರ ಸಿಂಪ್ಸನ್ ಸಂಸ್ಥೆಗಳ ಕುಂಚಗಳಿಗೆ ಇಂದಿಗೂ ಮನ್ನಣೆಯುಂಟು. ಆದರೆ ಹವ್ಯಾಸಿಗಳ ಕೈಗೆ ಸುಲಭವಾಗಿ ಸಿಕ್ಕುವಂಥವು ಅಮೆರಿಕದ ರಬ್ಬರ್‌ಸೆಟ್ ಮತ್ತು ಎವರ್‌ರೆಡಿ ಮುದ್ರೆಯವು. ಕೂದಲಿನ ಬುಡವನ್ನು ರಬ್ಬರಿನಲ್ಲಿ ಹುದುಗಿಸಿ, ಕಾಯಿಸಿ, ಗಟ್ಟಿಗೊಳಿಸುವುದು ರಬ್ಬರ್‌ಸೆಟ್ಟಿನ ವಿಶೇಷ. ಅಂದು ಕೂದಲುದುರದಂತೆ ಕಾಯ್ದ ಆ ರಬ್ಬರೇ ಇಂದು ಕಲ್ಲಿನಂತಾಗಿ, ಬಿಚ್ಚಹೊರಟವನ ತಾಳ್ಮೆಯನ್ನು ಪರೀಕ್ಷಿಸುತ್ತದೆ.

ಹಿಡಿಯ ಮೇಲೆ ಎಷ್ಟೇ ಮಮತೆಯಿರಲಿ, ಕೂದಲಿನ ಮೇಲೆ ಅದು ಸಲ್ಲದು. ಇದಕ್ಕೆ ಘೋರವಾದೊಂದು ಕಾರಣವುಂಟು. ಕುಂಚಕ್ಕೆ ಶ್ರೇಷ್ಠವೆನಿಸಿದ್ದು ನಮ್ಮ ತರಕರಡಿಯ ದಾಯಾದಿಯಾದ ಬ್ಯಾಡ್ಜರ್ ಎಂಬ ಬಿಲವಾಸಿಯ ಕೂದಲು. ಹಂದಿಯ ಬಿರುಗೂದಲು ಅದಕ್ಕಿಂತ ಒರಟು, ಕುದುರೆಯದು ಅಗ್ಗ. ಮೊದಲನೆಯ ಮಹಾಯುದ್ಧದಿಂದ ವ್ಯಾಪಾರದ ಹಳೆಯ ಮಾರ್ಗಗಳು ಕಡಿದುಹೋದಾಗ, ಪೂರ್ವದೇಶಗಳಿಂದ ಬಂದ ಕುದುರೆಗೂದಲಿಗೆ ಬಣ್ಣ ಕಟ್ಟಿ ಬ್ಯಾಡ್ಜರಿನದರಂತೆ ತೋರಿಸಿ, ಸರಿಯಾಗಿ ಶುದ್ಧಿಗೊಳಿಸದೆಯೇ ಕುಂಚ ಮಾಡಿದರು. ನಮ್ಮ ರೈತರು ನೆರಡಿ ರೋಗವೆಂದು ಕರೆಯುವ ಅಂಥ್ರಾಕ್ಸ್ ಆ ಕೂದಲಿನೊಡನೆ ಸೈನಿಕರ ಮತ್ತು ನಾಗರಿಕರ ಕೆನ್ನೆಗಳನ್ನು ಮುಟ್ಟಿತು. 1915ರಿಂದ 1924ರ ಪರ್ಯಂತ ಅಮೆರಿಕ ಇಂಗ್ಲೆಂಡುಗಳಲ್ಲಿ ಕುಂಚದ ಮೂಲಕ ಈ ರೋಗ ತಗಲಿದವರು 200ಕ್ಕೂ ಮಿಗಿಲು. 1920ರಲ್ಲಿ ಬ್ರಿಟನ್ ಜಪಾನಿನ ಕುಂಚಗಳ ಆಮದನ್ನೇ ನಿಷೇಧಿಸಿತು. ಈ ರೋಗದ ಬೀಜಾಣುಗಳು ದಶಕಗಟ್ಟಲೆ ಸಾಯವು: 1942ರಲ್ಲಿ ಯುದ್ಧಪ್ರಯೋಗಕ್ಕಾಗಿ ಅವನ್ನು ಹರಡಿದ ಸ್ಕಾಟ್ಲೆಂಡಿನ ಗ್ರುಯ್ನಾರ್ಡ್ ದ್ವೀಪವು ಸುರಕ್ಷಿತವೆನಿಸಿಕೊಳ್ಳಲು 1990ರವರೆಗೆ ಕಾಯಬೇಕಾಯಿತು. ಆದುದರಿಂದ ಆ ಕಾಲದ ಕುಂಚದ ಕೂದಲು ನೋಡುವುದಕ್ಕೆ ಎಷ್ಟು ಸೊಗಸಾಗಿದ್ದರೂ ಅದನ್ನು ಮುಖಕ್ಕೆ ಮುಟ್ಟಿಸಲಾಗದು. ಕೈಗವಸು ತೊಟ್ಟು, ಮೂಗುಬಾಯಿ ಮುಚ್ಚಿಕೊಂಡು, ಧೂಳೇಳದಂತೆ ನೆನೆಸಿ ಕತ್ತರಿಸಬೇಕು.

ಬಳಿಕ ಬೈರಿಗೆಯ ಸರದಿ. ಹಿಡಿಯನ್ನು ಬಟ್ಟೆಯಲ್ಲಿ ಸುತ್ತಿ ಬಿಗಿಹಿಡಿದು, ಗೂಡಿನಲ್ಲಿ ಉಳಿದ ಬುಡವನ್ನೂ ರಬ್ಬರನ್ನೂ ನಿಧಾನವಾಗಿ ಕೊರೆದು ತೆಗೆಯಬೇಕು. ಅವಸರ ಮಾಡಿದರೆ ಕ್ಯಾಟಲಿನ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ಹಿಡಿ ಸೀಳಿಹೋದೀತು. ಹೊಸ ಕೂದಲಿನ ಕಟ್ಟು ಸಾಮಾನ್ಯವಾಗಿ 20ರಿಂದ 24 ಮಿಲಿಮೀಟರ್ ವ್ಯಾಸದ್ದು. ಗೂಡು ಆಳವಾದಷ್ಟೂ ಹೊರಗುಳಿವ ಕೂದಲು ಗಿಡ್ಡವಾಗಿ ಕುಂಚ ಬಿರುಸಾಗುತ್ತದೆ, ಆಳ ತಗ್ಗಿದಷ್ಟೂ ಮೆತ್ತಗಾಗುತ್ತದೆ. ಎರಡು ಮಿಲಿಮೀಟರಿನ ಅಂತರವನ್ನು ಕೆನ್ನೆ ಗುರುತಿಸಬಲ್ಲದು. ಆದಕಾರಣ ಬಲ್ಲವರು ಅಂಟು ಹಾಕುವ ಮೊದಲು ಕಟ್ಟನ್ನು ಸುಮ್ಮನೆ ಇಟ್ಟು, ತೆಗೆದು, ಅಡಿಗೆ ಬಿಲ್ಲೆಯೊಂದನ್ನು ಸೇರಿಸಿ, ಮತ್ತೆ ಇಟ್ಟು ನೋಡುತ್ತಾರೆ. ಮನಸ್ಸು ಒಪ್ಪಿದ ಮೇಲಷ್ಟೇ ಎಪಾಕ್ಸಿ ಅಂಟು. ಅದು ಒಣಗಲು ಒಂದು ಅಹೋರಾತ್ರಿ.

ಹವ್ಯಾಸಿಗಳಲ್ಲಿ ಭಿನ್ನಾಭಿಪ್ರಾಯ ಹುಟ್ಟುವುದು ಹಿಡಿಯ ಬಣ್ಣದಲ್ಲಿ. ದಂತದ ಸೊಬಗನ್ನು ಅನುಕರಿಸಲು ಬಿಳಿಯ ಕ್ಯಾಟಲಿನ್ನಿನಲ್ಲಿ ಎರಕ ಹೊಯ್ದ ಹಿಡಿಗಳು ಗಾಳಿಬೆಳಕಿನ ಸಂಸರ್ಗದಿಂದ ಕ್ರಮೇಣ ಜೇನಿನ ಬಣ್ಣಕ್ಕೆ ತಿರುಗಿವೆ. ಆ ಹಳದಿಯು ಮೇಲ್ಮೈಯ ತೆಳುಪದರ ಮಾತ್ರವಾಗಿರುವುದರಿಂದ, ಎಮರಿ ಕಾಗದವನ್ನು ನೀರಿನೊಡನೆ ಉಜ್ಜುತ್ತ ಹೋದರೆ ಮೂಲದ ಬಿಳುಪು ಹೊರಬೀಳುತ್ತದೆ. ಹಾಗೆ ಮಾಡಿ ಸಂತೋಷಪಡುವವರಿದ್ದಾರೆ. ನನಗಾದರೋ ಅದು ಒಪ್ಪದು. ಬಿಳುಪನ್ನು ಕೊಟ್ಟದ್ದು ಕಾರ್ಖಾನೆಯ ಅಚ್ಚು, ಜೇನುಬಣ್ಣವನ್ನು ಕೊಟ್ಟದ್ದು ಎಂಬತ್ತು ತೊಂಬತ್ತು ವರ್ಷಗಳ ಬೆಳಕು, ಮತ್ತು ಎರಡನೆಯದನ್ನು ಒಮ್ಮೆ ಉಜ್ಜಿ ತೆಗೆದರೆ ನಮ್ಮ ಆಯುಷ್ಯದಲ್ಲಿ ಅದು ಮರಳಿ ಬಾರದು. ಗೀರುಗಳು ಮಾಯುವಷ್ಟು ಪಾಲಿಷು ಹಚ್ಚಿದರೆ ಸಾಕು.

ಕಡೆಯ ಕೆಲಸ ಅಕ್ಷರಗಳದು. ಹಿಡಿಯಲ್ಲಿ ಕೊರೆದ ಹೆಸರಿನ ಬಣ್ಣ ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ಅದರ ಮೇಲೆ ಎನಾಮಲ್ ಬಣ್ಣವನ್ನು ಸವರಿ, ಕೂಡಲೇ ಬಟ್ಟೆಯಿಂದ ಒರೆಸಿದರೆ, ಕೊರೆದ ಗೆರೆಗಳೊಳಗಿನ ಬಣ್ಣವಷ್ಟೇ ನಿಂತು ಹೆಸರು ಎದ್ದು ಕಾಣುತ್ತದೆ. ಆ ಭೀತಿಯ ಕಾಲದ ತರುವಾಯ ಬಂದ ಅಮೆರಿಕದ ಕುಂಚಗಳಲ್ಲಿ ಹೆಸರಿನ ಜೊತೆಗೆ ‘ಸ್ಟೆರಿಲೈಜ್ಡ್’ ಎಂಬ ಮಾತೂ ಕೊರೆದಿರುವುದುಂಟು. ಯಾವ ಕೂದಲು ಶುದ್ಧವೆಂದು ಅದು ಸಾರುತ್ತಿತ್ತೋ ಆ ಕೂದಲು ಈಗ ಕಸದ ಪಾಲಾಗಿದೆ. ಆದರೂ ಹವ್ಯಾಸಿಯು ಕಣ್ಣಿಗೆ ಕನ್ನಡಕವೇರಿಸಿ, ಆ ಪುಟ್ಟ ಅಕ್ಷರಗಳಿಗೂ ಒಂದೊಂದಾಗಿ ಕಪ್ಪು ತುಂಬುತ್ತಾನೆ.