ನಾಮಾ ಯಾರಿಗೆ ನಾಮ ಹಾಕಿತು?

ಡಬ್ಲಿನ್ನಿನ ಲಿಫಿ ನದಿಯ ದಂಡೆಯಲ್ಲಿ ನಡೆಯುವಾಗ ಅಳಿಯ ದೊಡ್ಡ ಕಟ್ಟಡವೊಂದನ್ನು ತೋರಿಸಿ, "ಮಾವ, ಇದು ನಾಮಾ ಕೈಯಲ್ಲಿದ್ದದ್ದು" ಅಂದ. ನಗು ಬಂತು. ಬ್ಯಾಂಕಿನ ಕೊನೆಯ ಎಂಟು ವರ್ಷ ಸಾಲ ವಸೂಲಿಯಲ್ಲೇ ಸವೆದವನು ನಾನು. ನಾಮ ಹಾಕಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಸರ್ಕಾರವೇ ಆ ಹೆಸರಿನ ಸಂಸ್ಥೆ ಕಟ್ಟಿದ್ದು ಕೇಳಿರಲಿಲ್ಲ.

ಐರ್ಲೆಂಡಿನ ರಾಷ್ಟ್ರೀಯ ಆಸ್ತಿ ನಿರ್ವಹಣಾ ಸಂಸ್ಥೆಯ ಚುಟುಕು ಹೆಸರು ಅದು. 2008ರಲ್ಲಿ ಮನೆ, ನಿವೇಶನಗಳ ಬೆಲೆ ನೆಲಕಚ್ಚಿ ಬ್ಯಾಂಕುಗಳು ಮಕಾಡೆ ಮಲಗಿದವು. ಮರುವರ್ಷ ಹುಟ್ಟಿದ ನಾಮಾ, ಬಿಲ್ಡರುಗಳು ಉಳಿಸಿಕೊಂಡಿದ್ದ 7,400 ಕೋಟಿ ಯೂರೋ ಸಾಲವನ್ನು ಐದು ಸಂಸ್ಥೆಗಳಿಂದ 3,180 ಕೋಟಿಗೆ ಕೊಂಡಿತು. ನಗದಲ್ಲ, ಬಾಂಡು. ಸಾಲ ವಸೂಲಿ ಮಾಡಿ, ಆಸ್ತಿ ಮಾರಿ ಬಾಂಡು ತೀರಿಸಬೇಕು.

ತೀರಿಸಿತು. 2020ರ ಗಡುವಿದ್ದ ಮುಖ್ಯ ಬಾಂಡುಗಳು 2017ರಲ್ಲೇ ಚುಕ್ತಾ. ಮೇಲೆ ಬೊಕ್ಕಸಕ್ಕೆ ತೆರಿಗೆಯೂ ಸೇರಿ 500 ಕೋಟಿಗೂ ಮೀರಿದ ಯೂರೋ. ನಮ್ಮ ವಿಭಾಗದಲ್ಲಿ ಇಂಥ ವರ್ಷ ಬಂದಿದ್ದರೆ ಸಿಹಿ ಹಂಚುತ್ತಿದ್ದೆವು.

ಆದರೆ ಲೆಡ್ಜರಿನ ಎಡಪುಟವನ್ನೂ ನೋಡಬೇಕಲ್ಲ. ಕೊಟ್ಟ 3,180 ಕೋಟಿಯಲ್ಲಿ ಅಂದಿನ ಮಾರುಕಟ್ಟೆ ಬೆಲೆಗಿಂತ 560 ಕೋಟಿ ಹೆಚ್ಚಿತ್ತು; ಬ್ಯಾಂಕುಗಳಿಗೆ ಸರ್ಕಾರದ ನೆರವು. ನಾಮಾ ಕತ್ತರಿಸಿದ 4,200 ಕೋಟಿಯ ಹಳ್ಳ ಬ್ಯಾಂಕುಗಳಲ್ಲೇ ಉಳಿಯಿತು. ಅದನ್ನು ಬಹುಪಾಲು ತುಂಬಿದ್ದು ಜನರ ತೆರಿಗೆ. ಲಾಭದ ಸುದ್ದಿ ಓದುವವರಿಗೆ ಈ ಹಳ್ಳ ಕಾಣುವುದಿಲ್ಲ.

ನನ್ನ ದೊಡ್ಡ ತಕರಾರು ಸಗಟು ಮಾರಾಟದ್ದು. 2014ರಲ್ಲಿ ಉತ್ತರ ಐರ್ಲೆಂಡಿನ ಸಾಲಗಳ ಕಂತೆಯನ್ನು ಅಮೆರಿಕದ ಹೂಡಿಕೆ ಸಂಸ್ಥೆ ಸೆರ್ಬೆರಸ್‌ಗೆ ಒಟ್ಟಿಗೇ ಕೊಟ್ಟರು. ಇದರಿಂದ 19 ಕೋಟಿ ಪೌಂಡಿನವರೆಗೆ ಕಳೆದುಕೊಂಡಿರಬಹುದು ಎಂದಿತು 2016ರ ಲೆಕ್ಕಪರಿಶೋಧನಾ ವರದಿ, ನಾಮಾ ಒಪ್ಪಲಿಲ್ಲ. ಹರಾಜಿನ ಬಿಸಿಲಲ್ಲಿ ನಿಂತವನಿಗೆ ಗೊತ್ತು: ಬಿಡಿಯಾಗಿ ಮಾರಿದರೆ ತಡ, ಕಂತೆ ಕಟ್ಟಿದರೆ ಅಗ್ಗ. ಬೆಲೆ ಮತ್ತೆ ಏರಿದಾಗ ಕಾದಿದ್ದವನಿಗೇ ಲಾಭ. ಬಾಂಡು ಮೂರು ವರ್ಷ ಮೊದಲೇ ತೀರಿಸುವ ಅವಸರ ಏನಿತ್ತು?

ವಸೂಲಿಗೆ ಪಾಸು ಮಾಡುತ್ತೇನೆ, ಮಾರಾಟಕ್ಕೆ ಮಾಡಲಾರೆ.

ಅಂದಹಾಗೆ, ಅಳಿಯ ತೋರಿಸಿದ ಕಟ್ಟಡ ದಿವಾಳಿಯೆದ್ದ ಆಂಗ್ಲೋ ಐರಿಷ್ ಬ್ಯಾಂಕಿನ ಪ್ರಧಾನ ಕಚೇರಿಯಾಗಬೇಕಿತ್ತು. ಬರೀ ಅಸ್ಥಿಪಂಜರವಾಗಿ ವರ್ಷಗಟ್ಟಲೆ ನಿಂತಿದ್ದ ಅದನ್ನು 2012ರಲ್ಲಿ ಐರ್ಲೆಂಡಿನ ಕೇಂದ್ರೀಯ ಬ್ಯಾಂಕ್ ಕೊಂಡಿತು. ಬ್ಯಾಂಕುಗಳ ಮೇಲೆ ಕಣ್ಣಿಡುವವರು 2017ರಿಂದ ಅಲ್ಲೇ ಕೂರುತ್ತಾರೆ.